ನಾನು ದಾಟದ ಸಂಕ

ಪಾದ್ರಿಗಳು ಮನೆಯಲ್ಲಿಲ್ಲ ಎಂದು ನಾನು ಅಂದು ಹೇಳಿದ್ದು ಸುಳ್ಳು. ಅವರು ಇದ್ದರೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ — ನಾನು ಹೊಳೆ ದಾಟಲೇ ಇಲ್ಲ. ಈಚೆ ದಡದಲ್ಲಿ ನಿಂತೆ, ಹೆದರಿದೆ, ತಿರುಗಿ ಬಂದೆ. ಸಾಯುತ್ತಿದ್ದ ಒಬ್ಬ ಮನುಷ್ಯ ಕೊನೆಯ ಸಂಸ್ಕಾರಕ್ಕಾಗಿ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದ. ಆ ಬಾಗಿಲಲ್ಲಿ ನಿಂತು, ಒದ್ದೆಯಾದ ಪ್ಯಾಂಟಿನ ಕಾಲು ಮಡಚುತ್ತಾ, ನಾನು ಆ ಸುಳ್ಳು ಹೇಳಿದೆ.

ಹೀಗೆ ಬರೆದು ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನೀವು ಕೇಳಬಹುದು. ಬೇಕಾಯಿತು. ನನ್ನಂಥವರಿಗೆ ಬೇಕಾಗುತ್ತದೆ. ನಮ್ಮ ಮನೆಮಾತು ಕೊಂಕಣಿ, ಪ್ರಾರ್ಥನೆ ಮಾಡುವುದೂ ಅದರಲ್ಲೇ. ಅದರಲ್ಲಿ ಬರೆಯಲು ಕುಳಿತರೆ ಕೈ ಹಿಂದೆ ಸರಿಯುತ್ತದೆ. ಅದಕ್ಕೇ ಶಾಲೆಯ ಭಾಷೆಯಲ್ಲಿ ಬರೆಯುತ್ತಿದ್ದೇನೆ — ಇದರಲ್ಲಾದರೆ ಬೇರೆ ಯಾರ ಮೇಲೋ ವರದಿ ಬರೆದಂತೆ ಬರೆಯಬಹುದು. ಇದೂ ಒಂದು ಹೇಡಿತನವೇ, ಗೊತ್ತುಂಟು.

ನಾನು ಡ್ರಿಲ್ ಮಾಸ್ತರ. ಪುಂಜಾಲಕಟ್ಟೆಯಿಂದ ಸಾಕಷ್ಟು ಒಳಗೆ, ಹೊಳೆಯ ಈಚೆ ದಡದಲ್ಲಿರುವ ಒಂದು ಶಾಲೆಯಲ್ಲಿ ಮಕ್ಕಳಿಗೆ ಎದೆ ಎತ್ತಿ ನಿಲ್ಲಲು ಕಲಿಸಿದವನು. ಸೀಟಿ ನನ್ನ ಕುತ್ತಿಗೆಯಲ್ಲೇ ಇರುತ್ತಿತ್ತು. ಮೀಸೆಗೆ ಎಣ್ಣೆ ಹಾಕುತ್ತಿದ್ದೆ. ಹೆದರುವ ಮಕ್ಕಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಹೆದರುವ ದೊಡ್ಡವರನ್ನು ಕಂಡರಂತೂ ಇನ್ನೂ ಆಗುತ್ತಿರಲಿಲ್ಲ. ಅದರ ಮೇಲೆ ನಮ್ಮ ವಾಡೆಗೆ ನಾನೇ ಗುರ್ಕಾರ. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ವ್ಯವಸ್ಥೆ ತಿಳಿಯದವರಿಗೆ ಹೇಳುತ್ತೇನೆ: ಹತ್ತಿರ ಹತ್ತಿರದ ಕ್ರೈಸ್ತ ಮನೆಗಳದ್ದೊಂದು ವಾಡೆ, ಅದಕ್ಕೊಬ್ಬ ಗುರ್ಕಾರ. ಮದುವೆ ಇದ್ದರೆ ಅವನು ಮುಂದೆ ನಿಲ್ಲಬೇಕು, ಜಗಳ ಇದ್ದರೆ ನಡುವೆ ನಿಲ್ಲಬೇಕು, ಯಾರಾದರೂ ಸಾಯುವ ಹಾಗಿದ್ದರೆ ಪಾದ್ರಿಗಳನ್ನು ಕರೆತರಬೇಕು. ಮೊದಲಿನ ಎರಡನ್ನು ನಾನು ಚೆನ್ನಾಗಿಯೇ ಮಾಡಿದೆ, ಅದರಲ್ಲಿ ಹೊಗಳಿಸಿಕೊಳ್ಳುವ ಅವಕಾಶ ಇರುತ್ತದಲ್ಲ.

ಇಗರ್ಜಿ ಇದ್ದುದು ಹೊಳೆಯ ಆಚೆ. ನಡುವೆ ಸಂಕ — ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಬಳ್ಳಿಯಿಂದ ಬಿಗಿದ ಕಾಲುದಾರಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ. ಬೇಸಿಗೆಯಲ್ಲಿ ಅದು ಯಾರಿಗೂ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ, ಕೆಳಗೆ ಕೆಂಪು ನೀರು ಓಡುವಾಗ, ಭಾನುವಾರದ ಪೂಜೆಗೆ ಹೋಗುವವರೆಲ್ಲ ಅಲ್ಲಿ ಸ್ವಲ್ಪ ಮೌನವಾಗುತ್ತಿದ್ದರು.

ನಮ್ಮ ಮನೆಯ ಪಕ್ಕದವನು ಲಿಗೋರಿ. ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಮಕ್ಕಳಿಲ್ಲ. ಲಿಗೋರಿಯಷ್ಟು ಪುಕ್ಕಲ ಮನುಷ್ಯನನ್ನು ನಾನು ಕಂಡಿಲ್ಲ. ಗುಡುಗು ಕೇಳಿದರೆ ಸಾಕು, ಗರಿಗಳ ಭಾನುವಾರ ಆಶೀರ್ವಾದ ಮಾಡಿಸಿ ತಂದ ತೆಂಗಿನ ಗರಿಯನ್ನು ಶಿಲುಬೆಯ ಹಿಂದಿನಿಂದ ಎಳೆದು, ಸಿಡಿಲು ಬಡಿಯದಿರಲೆಂದು ಚೂರು ಹರಿದು ಕೆಂಡಕ್ಕೆ ಹಾಕುತ್ತಿದ್ದ. ನಮ್ಮಲ್ಲಿ ಎಲ್ಲರೂ ಹಾಕುತ್ತಾರೆ, ಆದರೆ ಅವನ ಮನೆಯ ಗರಿ ಮಳೆಗಾಲದ ನಡುವಿನ ಆಟಿ ತಿಂಗಳು ಬರುವಾಗಲೇ ಮುಗಿದು ನಮ್ಮ ಮನೆಗೆ ಸಾಲ ಕೇಳಲು ಬರುತ್ತಿದ್ದ. ದನಕ್ಕೆ ಹೆದರುತ್ತಿದ್ದ. ಬಸ್ಸಿಗೆ ಹೆದರುತ್ತಿದ್ದ. ಬಂಟ್ವಾಳದ ಪೇಟೆಗೆ ಹೋದರೆ ಹೆಂಡತಿಯ ಸೆರಗಿನ ತುದಿ ಬಿಡುತ್ತಿರಲಿಲ್ಲ ಎಂದು ನಾನೇ ಹೇಳಿಕೊಂಡು ಎಲ್ಲರನ್ನೂ ನಗಿಸುತ್ತಿದ್ದೆ.

ಸಂಕವನ್ನು ಅವನು ಕುಳಿತು ದಾಟುತ್ತಿದ್ದ. ಎಲ್ಲರೂ ಹೋದ ಮೇಲೆ, ಕೊನೆಗೆ, ಒಂದು ಶಿಲುಬೆಯ ಗುರುತು ಹಾಕಿಕೊಂಡು ಸಂಕದ ಮೇಲೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕುಳಿತು, ಕೈಯೂರಿ ಕೈಯೂರಿ ತೆವಳಿಕೊಂಡು ಹೋಗುತ್ತಿದ್ದ. ಬಾಯಲ್ಲಿ ಜಪ, ಜೋರಾಗಿಯೇ. ಭಾನುವಾರದ ಬಿಳಿ ಪಂಚೆಯ ಹಿಂಬದಿಗೆಲ್ಲ ಹಸಿರು ಪಾಚಿ. ಹಾಗೇ ಇಗರ್ಜಿಗೆ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಿದ್ದ. ನಾನು ಆಚೆ ದಡದಲ್ಲಿ ನಿಂತು ಸೀಟಿ ಊದಿ ಅವನಿಗೆ ಲೆಫ್ಟ್ ರೈಟ್ ಹೇಳುತ್ತಿದ್ದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ತಂದೆತಾಯಿಗಳು ಮಕ್ಕಳನ್ನು ಗದರಿಸಿ, ಮುಖ ಆಚೆ ತಿರುಗಿಸಿ ತಾವೂ ನಗುತ್ತಿದ್ದರು. ಅವನ ಹೆಂಡತಿ ನತಾಲ್ ಬಾಯಿ ಮಾತ್ರ ಈಚೆ ದಡದಲ್ಲೇ ನಿಂತು, ಅವನು ತಲುಪುವವರೆಗೆ ಕಾದು, ಆಮೇಲೆ ತಾನು ದಾಟುತ್ತಿದ್ದಳು. ಅವಳ ಮುಖ ನೋಡುವ ಗೋಜಿಗೆ ನಾನು ಹೋಗಲಿಲ್ಲ.

ಒಮ್ಮೆ ವಾಡೆಯ ಜಪಮಾಲೆಗೆ ಎಲ್ಲರೂ ಸೇರಿದಾಗ ನಾನು ಅವನಿಗೆ ಬುದ್ಧಿ ಹೇಳಿದ್ದೂ ಉಂಟು. ನಂಬಿಕೆ ಇದ್ದವನಿಗೆ ಹೆದರಿಕೆ ಯಾಕೆ, ಹೆದರಿಕೆ ಇದ್ದರೆ ನಂಬಿಕೆ ಇಲ್ಲವೆಂದೇ ಅರ್ಥ, ನಿನ್ನ ದೇವರು ಅಷ್ಟು ಬಡಪಾಯಿಯೇ — ಇಂಥ ಮಾತುಗಳು. ಜನ ತಲೆಯಾಡಿಸಿದರು. ನಮ್ಮ ಜನಕ್ಕೆ ಬೇರೆಯವರ ಮೇಲೆ ಬೀಳುವ ಬೋಧನೆ ಎಂದರೆ ಬಹಳ ಇಷ್ಟ. ಲಿಗೋರಿಯೂ ತಲೆಯಾಡಿಸಿದ. ಅವನು ಯಾವುದಕ್ಕೂ ಎದುರು ಹೇಳಿದವನಲ್ಲ.

ಎಪ್ಪತ್ತರ ದಶಕದ ನಡುವೆ ಒಂದು ಆಟಿಯಲ್ಲಿ ಅವನಿಗೆ ಎದೆಯ ಕಾಯಿಲೆ ಜೋರಾಯಿತು. ಬಂಟ್ವಾಳದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನು ಅರ್ಥ ಎಂದು ಎಲ್ಲರಿಗೂ ತಿಳಿಯಿತು. ಅದಾದ ಭಾನುವಾರ ಮಧ್ಯಾಹ್ನ ಉಸಿರು ಮೇಲಕ್ಕೆ ಹತ್ತತೊಡಗಿತು. ಬೆಳಿಗ್ಗೆ ನಾವೆಲ್ಲ ಪೂಜೆಗೆ ಅದೇ ಸಂಕದಲ್ಲಿ ಹೋಗಿ ಬಂದಿದ್ದೆವು. ಆಮೇಲೆ ಘಟ್ಟದ ಕಡೆ ಎಲ್ಲೋ ಸುರಿದ ಮಳೆಗೆ ಹೊಳೆ ಏರಿತ್ತು.

ಲಿಗೋರಿ ಕೇಳಿದ್ದು ಒಂದೇ — ಪಾದ್ರಿಗಳು ಬೇಕು, ಪಾಪನಿವೇದನೆ ಮಾಡಬೇಕು, ಕೊನೆಯ ಸಂಸ್ಕಾರದ ಎಣ್ಣೆ ಹಚ್ಚಿಸಿಕೊಳ್ಳಬೇಕು. ಅವನಿಗೆ ಎಂಥ ಪಾಪ ಇದ್ದೀತು? ಬೀಡಿ ಎಲೆ ಕದ್ದಿರಲಿಕ್ಕೂ ಇಲ್ಲ, ಅದಕ್ಕೂ ಧೈರ್ಯ ಬೇಕು — ಹಾಗೆಂದು ನಾನು ಮನಸ್ಸಿನಲ್ಲೇ ನಕ್ಕದ್ದು ನೆನಪುಂಟು. ಸಾಯುವವನ ಮಂಚದ ಬಳಿ ನಿಂತು.

ನತಾಲ್ ಬಾಯಿಯ ತಮ್ಮ ಪಾಸ್ಕು ಹೊರಟು ನಿಂತ. ಸಂಕ ಬೇಡ, ಪುಂಜಾಲಕಟ್ಟೆಗೆ ಹೋಗಿ ಸೇತುವೆಯ ದಾರಿಯಲ್ಲಿ ಸುತ್ತಿ ಹೋಗುತ್ತೇನೆ, ಕತ್ತಲಾಗುವ ಮೊದಲು ಪಾದ್ರಿಗಳನ್ನು ಕರೆತರಬಹುದು ಎಂದ. ಸರಿಯಾದ ಮಾತು. ಸಾಧಾರಣ ಮನುಷ್ಯನ ಸಾಧಾರಣವಾದ, ಸರಿಯಾದ ಮಾತು. ಅದನ್ನು ಒಪ್ಪಿದ್ದರೆ ನಾನು ಗುರ್ಕಾರ ಎಂದು ಯಾರಿಗೆ ಗೊತ್ತಾಗಬೇಕು?

"ಸುತ್ತುವುದು ಯಾಕೆ? ನಾನು ಸಂಕದಲ್ಲೇ ಹೋಗ್ತೇನೆ," ಎಂದೆ. "ದೇವರ ಮೇಲೆ ನಂಬಿಕೆ ಇದ್ದವನಿಗೆ ಹೊಳೆ ಎಂಥದ್ದು ಮಾರಾಯ."

ಲಿಗೋರಿ ನನ್ನ ಕಡೆ ನೋಡಿದ ನೋಟ — ಅದನ್ನು ಹೇಗೆ ಹೇಳುವುದು. ಜೀವನದಲ್ಲಿ ಮೊದಲ ಸಲ ಯಾರೋ ತನಗಾಗಿ ಸಂಕ ದಾಟುತ್ತಾರೆ ಎಂಬಂತೆ. ನತಾಲ್ ಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೊಡೆ ಬಿಡಿಸಿ ಅಂಗಳಕ್ಕೆ ಇಳಿದೆ. ನಡೆಯುವಾಗ ಎದೆ ಎತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಶಾಲೆಯ ಮೈದಾನದ ಹಿಂದಿನ ಇಳಿಜಾರಿನಲ್ಲಿ ಸಂಕ. ನೀರು ಅಡಿಕೆ ಕಾಂಡಗಳನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು. ಹಿಡಿಯುವ ಬಿದಿರು ನಡುವಿನಲ್ಲಿ ಕಳಚಿ ನೀರಿಗೆ ಬಾಗಿತ್ತು. ಒಂದು ಕಾಲಿಟ್ಟೆ. ಕಾಂಡ ಅಲ್ಲಾಡಿತು. ಇನ್ನೊಂದು ಕಾಲು ಏಳಲಿಲ್ಲ. ಮಕ್ಕಳಿಗೆ ಹಗ್ಗ ಹತ್ತಲು, ಗೋಡೆ ಹಾರಲು ಕಲಿಸಿದ ಈ ಕಾಲುಗಳು ಅಲ್ಲೇ ನಡುಗಿದವು. ಪ್ರಾರ್ಥನೆ ಮಾಡಿದೆನೇ? ಇಲ್ಲ. ದೇವರ ಹೆಸರೇ ನೆನಪಿಗೆ ಬರಲಿಲ್ಲ. ವಾಡೆಗೆಲ್ಲ ನಂಬಿಕೆಯ ಪಾಠ ಹೇಳಿದವನಿಗೆ ಆ ಹೊತ್ತಿನಲ್ಲಿ ನೆನಪಿಗೆ ಬಂದದ್ದು ನನ್ನ ಹೊಸ ಚಪ್ಪಲಿ ಜಾರುತ್ತದೆ ಎಂಬುದು.

ಇಷ್ಟೇ ಆಗಿದ್ದರೆ ಒಬ್ಬ ಮನುಷ್ಯ ಹೆದರಿದ ಎಂದು ಬಿಟ್ಟುಬಿಡಬಹುದಿತ್ತು. ಹೆದರುವುದು ಪಾಪವಲ್ಲ. ಆದರೆ ಅಲ್ಲಿ ನಿಂತಾಗ ನನಗೊಂದು ಯೋಚನೆ ಬಂತು — ಇದನ್ನು ಬರೆಯುವಾಗ ನನಗೆ ನನ್ನ ಮುಖಕ್ಕೇ ಉಗಿಯಬೇಕೆನಿಸುತ್ತದೆ — ಕುಳಿತು ದಾಟಬಹುದು. ಲಿಗೋರಿ ದಾಟುವ ಹಾಗೆ, ಎರಡೂ ಬದಿಗೆ ಕಾಲು ಹಾಕಿ, ಕೈಯೂರಿ. ಬಿದಿರು ಇಲ್ಲದಿದ್ದರೂ ಆಗುತ್ತದೆ, ನೀರು ಕಾಲಿಗೆ ತಾಗಿದರೂ ಆಗುತ್ತದೆ. ಅವನು ಎಷ್ಟೋ ಮಳೆಗಾಲ ಹಾಗೆಯೇ ದಾಟಿದ್ದಾನೆ, ಒಮ್ಮೆಯೂ ಬಿದ್ದಿಲ್ಲ. ನನಗೆ ಅದು ತಿಳಿದಿತ್ತು. ಸ್ಪಷ್ಟವಾಗಿ ತಿಳಿದಿತ್ತು.

ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಇದ್ದಾರೋ ಎಂದು. ಯಾರೂ ಇರಲಿಲ್ಲ. ಆಚೆ ದಡ ನೋಡಿದೆ. ಅಲ್ಲಿ ಇಗರ್ಜಿಗೆ ಹೋಗುವ ದಾರಿ, ಎರಡು ಮನೆ. ಯಾರಾದರೂ ಜಗಲಿಗೆ ಬಂದರೆ? ಡ್ರಿಲ್ ಮಾಸ್ತರ, ಗುರ್ಕಾರ, ಕುಂಡೆ ಊರಿಕೊಂಡು ತೆವಳುವುದನ್ನು ಯಾರಾದರೂ ಕಂಡರೆ? ಪಂಚೆಗೆ ಪಾಚಿ ಹತ್ತಿಸಿಕೊಂಡ ಲಿಗೋರಿಯನ್ನು ನೋಡಿ ನಕ್ಕ ಆ ಮಕ್ಕಳೇ ಕಂಡರೆ?

ಅಷ್ಟಕ್ಕೇ. ಅಷ್ಟಕ್ಕೇ ನಾನು ಹಿಂದೆ ಬಂದೆ. ಹೆದರಿಕೆಯಿಂದ ನಿಂತೆ, ಆದರೆ ತಿರುಗಿದ್ದು ಮರ್ಯಾದೆಗಾಗಿ. ಒಬ್ಬನ ಕೊನೆಯ ಆಸೆಯನ್ನೂ ನನ್ನ ಪ್ಯಾಂಟಿನ ಹಿಂಬದಿಯನ್ನೂ ತೂಗಿ ನೋಡಿ, ಪ್ಯಾಂಟೇ ಭಾರ ಎಂದು ತೀರ್ಮಾನಿಸಿದವನು ನಾನು.

ಭಾನುವಾರ, ಶಾಲೆಗೆ ಬೀಗ. ಆಟದ ಸಾಮಾನಿನ ಕೋಣೆಯ ಕೀಲಿ ನನ್ನಲ್ಲೇ ಇತ್ತು. ಅದರೊಳಗೆ ಹೋಗಿ, ಗಾಳಿ ಹೋದ ಚೆಂಡುಗಳ ಮತ್ತು ಲೇಜಿಮುಗಳ ನಡುವೆ ಕುಳಿತೆ. ಹೋಗಿ ಬರಲು ಹಿಡಿಯುವಷ್ಟು ಹೊತ್ತು ಕುಳಿತೆ. ಆಗಲೂ ತಡವಾಗಿರಲಿಲ್ಲ, ಕೇಳಿ. ಎದ್ದು ಹೋಗಿ ಪಾಸ್ಕುವಿನ ಹತ್ತಿರ, ನನಗೆ ಹೆದರಿಕೆಯಾಯಿತು, ನೀನು ಸುತ್ತಿ ಹೋಗು ಎಂದಿದ್ದರೆ ಅವನು ಓಡುತ್ತಿದ್ದ. ಲಿಗೋರಿ ಮರುದಿನ ಬೆಳಿಗ್ಗೆಯವರೆಗೆ ಬದುಕಿದ್ದ. ಪಾದ್ರಿಗಳು ಬರುತ್ತಿದ್ದರು. ಒಂದೇ ಒಂದು ಮಾತು ಸಾಕಿತ್ತು. ನಾನು ಲೇಜಿಮುಗಳ ನಡುವೆ ಕುಳಿತು ಬೇರೆ ಮಾತು ಸಿದ್ಧಮಾಡಿಕೊಂಡೆ.

"ಪಾದ್ರಿಗಳು ಇಲ್ಲ," ಎಂದೆ ಬಾಗಿಲಲ್ಲಿ ನಿಂತು. "ಎಲ್ಲಿಯೋ ಊಟಕ್ಕೆ ಹೋಗಿದ್ದಾರಂತೆ. ನಾಳೆ ಬರುವುದಂತೆ."

ಆ ಊಟವನ್ನು ಯಾಕೆ ಸೇರಿಸಿದೆನೋ. ಇಲ್ಲ ಎಂದರೆ ಸಾಕಿತ್ತು. ಆದರೆ ಸುಳ್ಳು ಹೇಳುವವನಿಗೆ ಬೇರೊಬ್ಬ ತಪ್ಪಿತಸ್ಥ ಬೇಕಾಗುತ್ತಾನೆ. ಪಾಸ್ಕು ಪಾದ್ರಿಗಳಿಗೆ ಬಾಯಿಗೆ ಬಂದಂತೆ ಬೈದ. ಹೆಂಗಸರು ನನ್ನ ಒದ್ದೆ ಬಟ್ಟೆ ನೋಡಿ ಮರುಗಿದರು, ಇಷ್ಟು ನೀರಿನಲ್ಲಿ ಹೋಗಿ ಬಂದಿರಲ್ಲ ಎಂದರು. ಯಾರೋ ಬಿಸಿ ಕಾಫಿ ತಂದರು. ನಾನು ಕುಡಿದೆ.

ಲಿಗೋರಿ ಕೈ ಎತ್ತಿ ನನ್ನನ್ನು ಹತ್ತಿರ ಕರೆದ. ಹೆದರಿ ಅಳುತ್ತಾನೆ ಎಂದುಕೊಂಡೆ. ಅವನ ಮುಖ ಶಾಂತವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ, ಅವನು ನಡುಗುತ್ತಿದ್ದ.

"ಮಾಸ್ಟ್ರೆ, ನೀವೇ ಪ್ರಾರ್ಥನೆ ಹೇಳಿಕೊಡಿ. ನನಗೆ ಹೆದರಿಕೆ ಉಂಟು. ಆದರೆ ದೇವರು ಬಿಡ್ಲಿಕ್ಕಿಲ್ಲ. ಸಂಕದಲ್ಲಿ ಒಂದು ದಿನವೂ ಬಿಡ್ಲಿಲ್ಲ."

ನಾನು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಟ್ಟೆ. ನಾನು. ಅವನು ಒಂದೊಂದೇ ಮಾತನ್ನು ನನ್ನ ಹಿಂದೆ ಹೇಳಿದ, ಉಸಿರು ಸಿಕ್ಕಿದಾಗಲೆಲ್ಲ. ನಡುವೆ ನಾನೇ ಒಂದು ಸಾಲು ತಪ್ಪಿದೆ. ಗುರ್ಕಾರರಿಗೆ ಎಷ್ಟು ಬೇಸರ ನೋಡಿ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ನಮ್ಮ ಜನರ ಕಣ್ಣು ಅಷ್ಟು ಚೆನ್ನಾಗಿ ಕಾಣುತ್ತದೆ.

ಮರುದಿನ ಹೊಳೆ ಇಳಿದಿತ್ತು. ಪಾಸ್ಕು ಹೋಗಿ ಸಾವಿನ ಸುದ್ದಿ ಮುಟ್ಟಿಸಿದ, ಪಾದ್ರಿಗಳು ಕೂಡಲೇ ಬಂದರು. ಸಣ್ಣ ದೇಹದ, ಮೆಲ್ಲಗೆ ಮಾತಾಡುವ ಮನುಷ್ಯ. ಅಂಗಳದಲ್ಲಿ ಎಲ್ಲರೆದುರಿಗೆ ಪಾಸ್ಕು ಕೇಳಿಯೇ ಬಿಟ್ಟ — ನಿನ್ನೆ ನಿಮಗೆ ಊಟವೇ ದೊಡ್ಡದಾಯಿತಾ ಎಂದು, ಗುರ್ಕಾರರು ಜೀವ ಕೈಯಲ್ಲಿ ಹಿಡಿದು ಬಂದು ಖಾಲಿ ಹೋದರಲ್ಲ ಎಂದು. ಪಾದ್ರಿಗಳು ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಆ ಕ್ಷಣದಲ್ಲೇ ಎಲ್ಲವೂ ತಿಳಿಯಿತು. ತಿಳಿಯದೇ ಇರಲು ಹೇಗೆ ಸಾಧ್ಯ? ಅವರು ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆ ಬಿಟ್ಟಿರಲಿಲ್ಲ ಎಂದು ಅವರ ಅಡಿಗೆಯವನು ಮುಂದೆ ಬೇರೆ ಯಾವುದೋ ಮಾತಿನ ನಡುವೆ ನನಗೇ ಹೇಳಿದ. ನನ್ನ ಕಾಲಕೆಳಗಿನ ನೆಲ ಕುಸಿಯಲು ಅವರ ಒಂದು ಮಾತು ಸಾಕಿತ್ತು. ನಾನು ಕಾದೆ.

"ನಿನ್ನೆ ಬರ್ಲಿಕ್ಕೆ ಆಗ್ಲಿಲ್ಲ, ಕ್ಷಮಿಸಿ," ಎಂದು ಅವರು ನತಾಲ್ ಬಾಯಿಗೆ ಕೈಮುಗಿದರು.

ಹೆಣದ ಮುಂದೆ ಜಗಳ ಬೇಡ ಎಂದು ಸುಮ್ಮನಿದ್ದರೋ, ನನ್ನನ್ನು ಜನರ ಬಾಯಿಗೆ ಕೊಡಬಾರದು ಎಂದು ಸುಮ್ಮನಿದ್ದರೋ. ಆಗ ನನಗೆ ಅನಿಸಿದ್ದು ಬೇರೆ: ಬೆನ್ನುಮೂಳೆ ಇಲ್ಲದವನು, ಇವನೂ ಲಿಗೋರಿಯ ಜಾತಿ. ನನ್ನನ್ನು ಉಳಿಸಿದವನನ್ನೇ ನಾನು ಹೀಗೆ ಅಳೆದೆ. ಮಣ್ಣು ಮಾಡಿ ಎಲ್ಲರೂ ಚದುರಿದ ಮೇಲೆ ಅವರು ನನ್ನ ಹತ್ತಿರ ಬಂದರು.

"ಗುರ್ಕಾರರೇ, ನಾನು ಮನೆಯಲ್ಲೇ ಇರ್ತೇನೆ. ಯಾವಾಗ ಬೇಕಾದ್ರೂ ಬನ್ನಿ."

ನಾನು ಹೋಗಲಿಲ್ಲ. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಕಾಲದಲ್ಲಿ ಪಾಪನಿವೇದನೆ ಮಾಡದೆ ನಮಗೆ ನಡೆಯದು, ಗುರ್ಕಾರನಿಗಂತೂ ನಡೆಯದೇ ನಡೆಯದು. ಅದಕ್ಕೆ ನಾನು ಬಸ್ಸು ಹತ್ತಿ ಮೂಡಬಿದಿರೆಗೆ ಹೋಗುತ್ತಿದ್ದೆ. ಅಲ್ಲಿ ಕಿವಿ ಮಂದವಾದ ಒಬ್ಬ ಮುದಿ ಪಾದ್ರಿಗಳಿದ್ದರು. ಅವರ ಮುಂದೆ ಮೊಣಕಾಲೂರಿ, ಸಿಟ್ಟು ಬಂದದ್ದು, ಬೈದದ್ದು, ಉಪವಾಸದ ದಿನ ಮಾಂಸ ತಿಂದದ್ದು ಎಲ್ಲ ಹೇಳುತ್ತಿದ್ದೆ. ಇದನ್ನು ಮಾತ್ರ ಹೇಳುತ್ತಿರಲಿಲ್ಲ. ಕಿವುಡನಿಗೂ ಹೇಳುವ ಧೈರ್ಯ ಇರಲಿಲ್ಲ. ಆಮೇಲೆ ಪೇಟೆಯಲ್ಲಿ ಬನ್ಸು ತಿಂದು, ನಮ್ಮೂರಿಗೆ ಬಂದು, ಎಲ್ಲರಿಗಿಂತ ಮುಂದೆ ನಿಂತು ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದೆ — ನಾಲಿಗೆ ಚಾಚಿ, ಕಣ್ಣು ಮುಚ್ಚಿ, ನನ್ನ ಸುಳ್ಳು ತಿಳಿದಿದ್ದ ನಮ್ಮ ಅದೇ ಪಾದ್ರಿಗಳ ಕೈಯಿಂದ. ಅವರ ಕೈ ಒಮ್ಮೆಯೂ ಹಿಂಜರಿಯಲಿಲ್ಲ.

ವಾಡೆಯವರು ಅವರನ್ನು ದೂರವಿಟ್ಟರು. ಊಟದ ಪಾದ್ರಿ ಎಂದು ಹೆಸರಿಟ್ಟರು. ಅವರು ಮನೆಮನೆಗೆ ಆಶೀರ್ವಾದಕ್ಕೆ ಬಂದಾಗ ನತಾಲ್ ಬಾಯಿ ಬಾಗಿಲು ಹಾಕಿಕೊಂಡಳು. ಅವರು ಮುಚ್ಚಿದ ಬಾಗಿಲಿನ ಮೇಲೆಯೇ ತೀರ್ಥ ಚಿಮುಕಿಸಿ ಮುಂದೆ ನಡೆದರು. ಜೊತೆಯಲ್ಲಿ ತೀರ್ಥದ ಪಾತ್ರೆ ಹಿಡಿದು ನಡೆದವನು ಗುರ್ಕಾರ, ಅಂದರೆ ನಾನು. ಅವರಿಗೆ ವರ್ಗವಾದಾಗ ಬೀಳ್ಕೊಡುಗೆಯ ಭಾಷಣ ಮಾಡಿದವನೂ ನಾನೇ. ಅವರು ತೀರಿಕೊಂಡಾಗ ವಾಡೆಯಿಂದ ಮಣ್ಣಿಗೆ ಹೋದ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವನೂ ನಾನೇ. ಇಷ್ಟು ನಾಚಿಕೆಗೆಟ್ಟವನು ಊರಲ್ಲಿ ಇನ್ನೊಬ್ಬ ಇದ್ದಿದ್ದರೆ ನಾನು ಅವನ ಮುಂದೆ ಸೀಟಿ ಊದಿ ಊರಿಗೆಲ್ಲ ತೋರಿಸುತ್ತಿದ್ದೆ.

ನನ್ನ ಹೊಳೆ ದಾಟಿದ ಕಥೆ ಮಾತ್ರ ಬೆಳೆಯಿತು. ಮೊದಮೊದಲು ನಾನು ಸುಮ್ಮನಿದ್ದೆ. ಆಮೇಲೆ ಜನರು ಹೇಳುವಾಗ ತಲೆ ತಗ್ಗಿಸಿ ವಿನಯ ತೋರಿಸಿದೆ. ಕೊನೆಗೆ ನಾನೇ ಹೇಳತೊಡಗಿದೆ. ಎಂಬತ್ತರ ನಂತರ ನಮ್ಮ ಕಡೆ ಪ್ರಾರ್ಥನಾಕೂಟಗಳು ಶುರುವಾದವು, ಕೈ ಎತ್ತಿ ಹಾಡುವುದು, ದೇವರು ಕಾಪಾಡಿದ್ದಕ್ಕೆ ಎದ್ದು ನಿಂತು ಸಾಕ್ಷಿ ಹೇಳುವುದು. ಭಯವನ್ನು ನಂಬಿಕೆಯಿಂದ ಗೆದ್ದ ಸಾಕ್ಷಿ ಬೇಕಾದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ಬೆಳ್ತಂಗಡಿಯವರೆಗೂ ಹೋಗಿ ಹೇಳಿದ್ದೇನೆ. ನೀರು ಸೊಂಟದವರೆಗೆ ಬಂತು ಎಂದೆ. ಯಾರೋ ಕೈ ಹಿಡಿದು ನಡೆಸಿದಂತಾಯಿತು ಎಂದೆ. ಜನ ಅತ್ತರು. ಅಳುವವರನ್ನು ನೋಡಿ ನನಗೆ ತಾತ್ಸಾರ ಬರುತ್ತಿತ್ತು — ಎಂಥ ಸುಲಭದ ಜನ ಎಂದು. ಆ ಕಥೆಯನ್ನು ಕೇಳಿ ನನಗೇ ಒಮ್ಮೆ ಕಣ್ಣು ತೇವವಾದದ್ದನ್ನು ಇಲ್ಲಿ ಬರೆಯದೆ ಬಿಡಬಾರದು.

ಅಂಥದ್ದೇ ಇನ್ನೊಂದು ಮಳೆಗಾಲದಲ್ಲಿ, ಬೆಳಗಿನ ಹೊತ್ತು, ನನಗೆ ಎದೆನೋವು ಬಂದು ಜಗಲಿಯಲ್ಲೇ ಬಿದ್ದೆ. ಹೆಂಡತಿ ಸೆವ್ರಿನ್ ಅಂಗಳಕ್ಕೆ ಓಡಿ ಕೂಗಿದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಬಂದವಳು ನತಾಲ್ ಬಾಯಿ ಒಬ್ಬಳೇ. ಬೀಡಿಯ ಮೊರ ಕೆಳಗಿಟ್ಟು, ನನ್ನ ಮುಖ ನೋಡಿ, ಏನೂ ಕೇಳದೆ ಹೊಳೆಯ ಕಡೆ ಹೋದಳು. ಆಗ ಅವಳಿಗೆ ವಯಸ್ಸಾಗಿತ್ತು, ಹೊಳೆ ತುಂಬಿತ್ತು. ಅವಳು ಸಂಕ ದಾಟಿ ಹೊಸ ಪಾದ್ರಿಗಳಿಗೆ ತಿಳಿಸಿದಳು, ಅವರು ಜೀಪು ಮಾಡಿಕೊಂಡು ಸುತ್ತಿ ಬಂದರು. ಬಂಟ್ವಾಳದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಜೀಪಿನಲ್ಲೇ, ನನಗೆ ಎಣ್ಣೆ ಹಚ್ಚಿ ಕೊನೆಯ ಸಂಸ್ಕಾರ ಕೊಟ್ಟರು. ಲಿಗೋರಿಗೆ ನಾನು ತಪ್ಪಿಸಿದ್ದು ನನಗೆ ಅವನ ಹೆಂಡತಿಯ ಕಾಲಿನಿಂದ ಬಂತು. ಪಾದ್ರಿಗಳು ಕಿವಿ ನನ್ನ ಬಾಯಿಯ ಹತ್ತಿರ ತಂದು, ಪಾಪ ಹೇಳುವುದುಂಟೇ ಎಂದರು. ನಾನು ಮಾತು ಬರುವುದಿಲ್ಲ ಎಂದು ಕೈಯಾಡಿಸಿದೆ.

ಮಾತು ಬರುತ್ತಿತ್ತು.

ಗುಣವಾಗಿ ಮನೆಗೆ ಬಂದ ಮೇಲೆ ಅವಳು ನೋಡಲು ಬಂದಳು. ಉಪಕಾರ ಹೇಳಬೇಕಲ್ಲ, ಹೇಳಿದೆ. ಅಷ್ಟು ನೀರಿನಲ್ಲಿ ಹೆದರಿಕೆಯಾಗಲಿಲ್ಲವೇ ಎಂದೂ ಕೇಳಿದೆ.

"ಆಯ್ತು ಗುರ್ಕಾರ್ರೇ. ನಡುವಿಗೆ ಬಂದು ಕೂತು ಅತ್ತೆ," ಎಂದಳು. "ಆಮೇಲೆ ದೇವರ ಹತ್ರ ಹೇಳಿದೆ — ಹೆದರಿಕೆ ತೆಗೀಬೇಡ, ಅದು ಇರ್ಲಿ. ಕಾಲು ಮಾತ್ರ ಹಿಡ್ಕೊ ಅಂತ. ಕೂತೇ ಮುಂದೆ ಸರಿಯುವಾಗ ನಿಮ್ಮನ್ನು ನೆನೆಸಿದೆ. ಅವತ್ತು ನಮಗೋಸ್ಕರ ನೀವು ದಾಟಿದ್ರಲ್ಲ. ನಾನು ದಾಟದಿದ್ರೆ ಹೇಗೆ?"

ಸೆವ್ರಿನ್ ಅತ್ತಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ. ಅಂದಿನಿಂದ ಗುರ್ಕಾರಿಕೆ ಬಿಟ್ಟೆ, ಸಾಕ್ಷಿ ಹೇಳುವುದನ್ನು ಬಿಟ್ಟೆ, ಆರೋಗ್ಯ ಸರಿಯಿಲ್ಲ ಎಂದೆ. ಸತ್ಯ ಹೇಳಿದರೆ ಅವಳ ಧೈರ್ಯ ಕಸಿದಂತಾಗುತ್ತದೆ, ಅವಳಿಗೋಸ್ಕರವೇ ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ದಯಾಳು ನೋಡಿ. ಹೇಡಿಗೆ ಕೊನೆಯದಾಗಿ ಸಿಗುವ ಅಂಗಿ ಅದು, ಬೇರೆಯವರ ಮೇಲಿನ ಕರುಣೆ.

ಈಗ ಹೊಳೆಗೆ ಸಿಮೆಂಟಿನ ಸೇತುವೆಯಾಗಿದೆ. ಬರುವ ಭಾನುವಾರ ಪೂಜೆಯಾದ ಮೇಲೆ ಅದರ ಆಶೀರ್ವಾದ. ರಿಬ್ಬನ್ ಕತ್ತರಿಸಲು ನಾನೇ ಆಗಬೇಕಂತೆ. ಅಂದು ನೆರೆಯಲ್ಲಿ ದೇವರನ್ನು ನಂಬಿ ಸಂಕ ದಾಟಿದವರು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಂತೆ. ಪಾದ್ರಿಗಳು ಇಗರ್ಜಿಯಲ್ಲಿ ಸಾರಿದಾಗ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನತಾಲ್ ಬಾಯಿಯೂ ನೋಡಿದಳು, ನಗುತ್ತಾ.

ನಿನ್ನೆ ಸಂಜೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಕುಳಿತುಕೊಳ್ಳಿ ಎಂದಳು. ನಾನು ನಿಂತೇ ಹೇಳಿದೆ, ಇಲ್ಲಿ ಬರೆದಷ್ಟನ್ನೂ — ಲೇಜಿಮು, ಪ್ಯಾಂಟು, ಊಟದ ಸುಳ್ಳು, ಎಲ್ಲವನ್ನೂ. ಅವಳ ಕೈ ಸ್ವಲ್ಪ ಹೊತ್ತು ಸುಲಿಯುತ್ತಲೇ ಇತ್ತು. ಆಮೇಲೆ ನಿಂತಿತು.

"ಹಾಗಾದ್ರೆ ಪಾದ್ರಿಗಳು ಮನೆಯಲ್ಲೇ ಇದ್ರಾ?"

ಇದ್ದರು ಎಂದೆ.

"ಅವರಿಗೆ ನಾನು ಬಾಗಿಲು ಹಾಕಿದೆ," ಎಂದಳು. ಮತ್ತೆ ಕೇಳಿದಳು, "ಹಾಗಾದ್ರೆ ನಾನು ಯಾರನ್ನು ನೋಡಿ ದಾಟಿದ್ದು?"

ನೀವು ಕುಳಿತು ದಾಟಿದಿರಲ್ಲ ಎಂದೆ. ಲಿಗೋರಿ ದಾಟುತ್ತಿದ್ದ ಹಾಗೆ.

ಅವಳು ಎದ್ದಳು. ಬೀಜದ ಮೊರ ಎತ್ತಿಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ, ಸಂಜೆ ದಿನವೂ ಹಾಕುವ ಹಾಗೆ. ಆ ಬಾಗಿಲು ಮೊದಲ ದಿನವೇ ನನಗೆ ಹಾಕಬೇಕಾದದ್ದು. ಒಳಗೆ ಅವಳು ಲಿಗೋರಿಯ ಹೆಸರಿನಲ್ಲಿ ಜಪ ಶುರುಮಾಡಿದ್ದು ಕೇಳಿಸಿತು. ಆಮೇಲೆ ಆ ಪಾದ್ರಿಗಳ ಹೆಸರು. ನನ್ನ ಹೆಸರು ಬಂತೋ ಇಲ್ಲವೋ — ಅದನ್ನು ಕೇಳಲು ನಾನು ನಿಲ್ಲಲಿಲ್ಲ, ನಿಲ್ಲುವ ಯೋಗ್ಯತೆಯೂ ಇರಲಿಲ್ಲ.

ಭಾನುವಾರ ನಾನು ಸೇತುವೆಗೆ ಹೋಗುತ್ತೇನೆ. ಕತ್ತರಿಯನ್ನು ನತಾಲ್ ಬಾಯಿ ಹಿಡಿದರೆ ಅವಳ ಕೈಗೆ ಕೊಡುತ್ತೇನೆ, ಹಿಡಿಯದಿದ್ದರೆ ಕೆಳಗಿಡುತ್ತೇನೆ. ಮಕ್ಕಳ ಮುಂದೆ, ಅವರ ತಂದೆತಾಯಿಗಳ ಮುಂದೆ, ಸೀಟಿಯಿಲ್ಲದೆ ನಿಂತು, ನಾನು ಅಂದು ದಾಟಲಿಲ್ಲ ಎಂದು ಹೇಳುತ್ತೇನೆ. ಅವರು ನಗಬಹುದು, ಉಗಿಯಬಹುದು. ಅದನ್ನು ನೆನೆಸಿಕೊಂಡರೆ ಈಗಲೂ, ಇದನ್ನು ಬರೆಯುವಾಗಲೂ, ಕಾಲು ನಡುಗುತ್ತದೆ. ಹೆದರಿಕೆ ತೆಗೆ ಎಂದು ನಾನು ಕೇಳುವುದಿಲ್ಲ, ಅದು ಇರಲಿ. ಕಾಲು ಮಾತ್ರ ಹಿಡಿದುಕೊ ಎಂದು, ಅವಳ ಮಾತನ್ನೇ ಸಾಲ ತೆಗೆದುಕೊಂಡು, ಬೆಳಿಗ್ಗೆಯಿಂದ ಕೇಳುತ್ತಿದ್ದೇನೆ.